ರತ್ನಮ್ಮ ಮಿಸ್ ಹೇಳಿಕೊಟ್ಟ ಸ್ಕ್ವೇರು

ಕಟ್ಟೆಪುರದ ಹೆಂಗಸರಿಗೆ ಶಿವರತ್ನಮ್ಮನ ಹತ್ತಿರ ಎರಡು ಕೆಲಸ. ಒಂದು, ಮಗುವನ್ನು ಬಿಟ್ಟು ಹೋಗುವುದು. ಇನ್ನೊಂದು, ರವಿಕೆ ಹೊಲಿಯಲು ಕೊಡುವುದು. ಬೆಳಗ್ಗೆ ಒಂಬತ್ತೂವರೆಯಿಂದ ಸಂಜೆ ನಾಲ್ಕರ ತನಕ ಅವಳು ಅಂಗನವಾಡಿಯ ರತ್ನಮ್ಮ ಮಿಸ್ಸು. ನಾಲ್ಕರ ಮೇಲೆ ದೀಪ ಹಚ್ಚುವವರೆಗೆ ಟೈಲರ್ ರತ್ನಮ್ಮ. ಬೆಳಗ್ಗೆ ಮಗುವಿನ ಮೂಗು ಒರೆಸಿಸಿಕೊಂಡು ಹೋದ ತಾಯಿಯೇ ಸಂಜೆ ಬಂದು, 'ತೋಳು ಬಿಗಿ ಆಯ್ತು, ಒಂದ್ ಹೊಲಿಗೆ ಬಿಚ್ಚಕ್ಕ' ಎಂದು ಜಗಲಿಯ ಮೇಲೆ ಕೂರುತ್ತಿದ್ದಳು.

ಊರು ಚಿಕ್ಕದು. ಹೊನ್ನೂರು ದಾಟಿ ಕಾಲುವೆ ಏರಿ ಹಿಡಿದು ಎರಡು ಮೈಲಿ ಒಳಕ್ಕೆ ಹೋದರೆ ಸಿಗುತ್ತದೆ. ಒಂದು ಬೀದಿಯಲ್ಲಿ ಗದ್ದೆ, ತೆಂಗು ಇದ್ದವರು; ಇನ್ನೊಂದು ಬೀದಿಯಲ್ಲಿ ಅವರ ಗದ್ದೆಗೆ, ಕಬ್ಬಿಗೆ ಕೂಲಿ ಹೋಗುವವರು. ಶಿವರತ್ನಮ್ಮ ಮೊದಲನೆಯ ಬೀದಿಯ ಸೊಸೆ. ಎರಡೆಕರೆ ಗದ್ದೆಯ ಮನೆಗೆ ಬಂದವಳು. ಕೊಳ್ಳೇಗಾಲದಲ್ಲಿ ಆರು ತಿಂಗಳು ಹೊಲಿಗೆ ಕ್ಲಾಸಿಗೆ ಹೋಗಿದ್ದಳು, ಹತ್ತನೆಯ ತರಗತಿ ಮೊದಲನೆಯ ಸಲಕ್ಕೇ ಪಾಸಾಗಿದ್ದಳು. ಇಪ್ಪತ್ತೆರಡು ವರ್ಷದ ಹಿಂದೆ ಊರಿಗೆ ಅಂಗನವಾಡಿ ಬಂದಾಗ ಅಷ್ಟು ಓದಿದ ಹೆಂಗಸು ಊರಲ್ಲಿ ಅವಳೊಬ್ಬಳೇ. ಹಾಗಾಗಿ ಕೆಲಸ ಅವಳನ್ನೇ ಹುಡುಕಿಕೊಂಡು ಬಂತು.

ಹೊಲಿಗೆಯನ್ನೂ ಅಂಗನವಾಡಿಯನ್ನೂ ಅವಳು ಒಂದಕ್ಕೊಂದು ತಾಗಿಸದೆ ಇಟ್ಟುಕೊಂಡಿದ್ದಳು. ಮಿಷನ್ನಿನ ಎಣ್ಣೆ ಕೈಯಲ್ಲಿ ಮಗುವನ್ನು ಮುಟ್ಟುತ್ತಿರಲಿಲ್ಲ. ಒಂದೇ ಒಂದು ಸಲ ಎರಡನ್ನೂ ಬೆರೆಸಿದಳು. ಕೆಟ್ಟದ್ದು ಅಲ್ಲೇ.

ಎರಡು ವರ್ಷದ ಹಿಂದಿನ ಮಾತು. ಸೂಪರ್‌ವೈಸರ್ ದೀಪಾ ಮೇಡಂ ಬಂದವರು, 'ಮಕ್ಕಳಿಗೆ ಆಕಾರಗಳ ಹೆಸರನ್ನ ಇಂಗ್ಲಿಷಿನಲ್ಲೂ ಹೇಳ್ಕೊಡಿ ರತ್ನಮ್ಮ. ಅಪ್ಪ ಅಮ್ಮಂದಿರು ಅದನ್ನೇ ಕೇಳ್ತಾರೆ. ಇಲ್ಲದಿದ್ರೆ ಕಾನ್ವೆಂಟ್ ವ್ಯಾನ್ ಹತ್ತಿಸ್ತಾರೆ' ಎಂದಿದ್ದರು. ಚಾರ್ಟು ಆಮೇಲೆ ಬರುತ್ತದೆ ಎಂದೂ ಹೇಳಿದ್ದರು. ಆ ಚಾರ್ಟು ಬರಲಿಲ್ಲ. ಶಿವರತ್ನಮ್ಮ ಕಾಯಲೂ ಇಲ್ಲ. ಇಂಗ್ಲಿಷಿನ ಆಕಾರಗಳು ಅವಳಿಗೆ ಗೊತ್ತಿರಲಿಲ್ಲವೇ? ದಿನಾ ಸಂಜೆ ಬಾಯಲ್ಲಿ ಗುಂಡುಪಿನ್ನು ಕಚ್ಚಿಕೊಂಡು ಅವಳು ಹೇಳುತ್ತಿದ್ದದ್ದೇ ಅವು. ರವಿಕೆಯ ಬೆನ್ನಿಗೆ ಯಾವ ಕತ್ತು ಬೇಕು? ರೌಂಡ್ ನೆಕ್ಕೋ, ಸ್ಕ್ವೇರ್ ನೆಕ್ಕೋ, ವೀ ನೆಕ್ಕೋ, ಡೈಮಂಡೋ, ಪಾಟೋ, ಬೋಟೋ? ಗೋಡೆಗೆ ಅಂಟಿಸಿದ ಕ್ಯಾಟಲಾಗಿನಲ್ಲಿ ಎಲ್ಲವೂ ಅಚ್ಚಾಗಿದ್ದವು. ಓದು ಬಾರದ ಹೆಂಗಸರೂ ಬೆರಳಿಟ್ಟು, 'ಈ ಪಾಟ್ ಇಡು ನಂಗೆ' ಎನ್ನುತ್ತಿದ್ದರು.

ಅವಳು ಮಿಕ್ಕ ಲೈನಿಂಗ್ ಬಟ್ಟೆಯನ್ನು ಅಂದವಾಗಿ ಕತ್ತರಿಸಿ ಅಂಗನವಾಡಿಯ ಗೋಡೆಗೆ ಸಾಲಾಗಿ ಅಂಟಿಸಿದಳು. ಮಕ್ಕಳು ರಾಗ ಕಟ್ಟಿ ಕಲಿತವು. ಊಟದ ತಟ್ಟೆ ರೌಂಡು. ಕಿಟಕಿ ಸ್ಕ್ವೇರು, ಬಾಗಿಲು ಸ್ಕ್ವೇರು, ಚಾಪೆ ಸ್ಕ್ವೇರು. ಕರ್ಜಿಕಾಯಿ ಬೋಟು. ಬಿಂದಿಗೆ ಪಾಟು. ಮೂರು ಮೂಲೆಯದು ಏನಿದ್ದರೂ ವೀ. ನೋಡಿದವರೆಲ್ಲ ಭೇಷ್ ಎಂದರು. ಭೇಷ್ ಎಂದವರಲ್ಲಿ ಒಬ್ಬರಿಗೂ ಅದು ಸರಿಯೋ ತಪ್ಪೋ ಗೊತ್ತಿರಲಿಲ್ಲ, ಅದು ಬೇರೆ ಮಾತು.

ಈ ವರ್ಷ ಮಾರ್ಚಿ ಕೊನೆಯ ಒಂದು ದಿನ ಪುಟ್ಟಮಾದಪ್ಪನವರು ಅಂಗನವಾಡಿಯ ಬಾಗಿಲಿಗೆ ಬಂದರು. ಊರಿನ ದೊಡ್ಡ ಕುಳ, ಬಾಲವಿಕಾಸ ಸಮಿತಿಯ ಹಿರಿಯರು. ಅವರ ಮೊಮ್ಮಗಳು ಭವ್ಯಶ್ರೀ, ನಾಲ್ಕು ತುಂಬಿದ ಮಗು, ಅಲ್ಲೇ ಕಲಿಯುತ್ತಿತ್ತು. ಊರಿನ ವಾವೆಯಲ್ಲಿ ಶಿವರತ್ನಮ್ಮನಿಗೆ ಅವರು ಮಾವ. ಅವಳು ಸೆರಗು ಸರಿ ಮಾಡಿಕೊಂಡು ಎದ್ದು ನಿಂತಳು.

'ನೆನ್ನೆ ಯಳಂದೂರ್ಗೆ ಓಗಿದ್ವಿ ಕಣವ್ವ, ಕಾನ್ವೆಂಟ್‌ಗೆ,' ಎಂದರು ಪುಟ್ಟಮಾದಪ್ಪ, ಟವೆಲಿನಲ್ಲಿ ಕತ್ತು ಒರೆಸಿಕೊಳ್ಳುತ್ತ. 'ಮಗೀನ ಇಂಟ್ರೂ ಮಾಡುದ್ರು. ಅದೇನೋ ಕಾರ್ಡ್ ತೋರುದ್ರು. ಮೂರ್ ಮೂಲೇದ ತೋರ್ಸಿ ಇದೇನು ಅಂದ್ರು. ನಮ್ ಮಗ ವೀ ನೆಕ್ಕು ಅಂತು. ಮೊಟ್ಟೆ ತರದ್ದ ತೋರುದ್ರೆ ಪಾಟು ಅಂತು. ಉದ್ದಕ್ಕಿರದ್ನ ಸ್ಕ್ವೇರು ಅಂತು. ಆಯಮ್ಮ ನಕ್ಕಂಡು ನಕ್ಕಂಡು ಪಕ್ಕದ್ ರೂಮಿಂದ ಇನ್ನಿಬ್ಬರ್ನ ಕರುದ್ಲು. ತಿರ್ಗಾ ಏಳ್ಸುದ್ರು. ತಿರ್ಗಾ ನಕ್ರು.'

ಶಿವರತ್ನಮ್ಮನ ಮುಖಕ್ಕೆ ರಕ್ತ ಏರಿತು.

'ಬಯ್ಯಕ್ಕೆ ಬಂದಿಲ್ಲ ಕಣವ್ವ ನಾನು. ಗೊತ್ತಿದ್ದಷ್ಟ ಏಳ್ಕೊಟ್ಟಿದ್ದೀಯ. ಹದಿನೈದ್ ದಿವ್ಸ ಬುಟ್ಟು ಕರ್ಕಬನ್ನಿ, ಇನ್ನೊಂದ್ ಸಲ ನೋಡಮ ಅಂದವ್ರೆ. ಅಷ್ಟ್ರೊಳಗೆ ಸರ್ಯಾದ್ದ ಏಳ್ಕೊಡು. ನಿನ್ನ ಬುಟ್ರೆ ಇನ್ಯಾರ್ನ ಕೇಳ್ಲಿ?'

ಅವರು ಹೋದರು. ಅಂಗನವಾಡಿಯ ಸಹಾಯಕಿ ರಾಮಮ್ಮ ಒಲೆಯ ಮೇಲಿನ ಸಾಂಬಾರು ಹಾಗೇ ಬಿಟ್ಟು ಸೌಟು ಹಿಡಿದು ಹೊರಗೆ ಬಂದಳು. ಎರಡನೆಯ ಬೀದಿಯವಳು, ಊರಿನ ಒಳಹೊರಗೆಲ್ಲ ಬಲ್ಲವಳು.

'ಏಳ್ಕೊಡಕ್ಕೆ ಓಗ್ಬೇಡಿ ರತ್ನಕ್ಕ. ಆ ಮಗೀಗೆ ಬಂದ್ಬುಟ್ರೆ ಸೀಟ್ ಸಿಕ್ತದೆ. ಅದ್ಕೆ ಸಿಕ್ರೆ ಆ ಬೀದಿ ಐದೂ ಓಯ್ತವೆ. ದೀಪಾ ಮೇಡಂ ಏಳಿದ್ದು ಮರ್ತ್‌ಬುಟ್ರಾ? ನಮ್ ಕೈಯಾರೆ ನಾವೇ ಬಾಗ್ಲ ಮುಚ್ಕೊಂಡಂಗೆ ಆಗಕಿಲ್ವಾ?'

ಮರೆತಿರಲಿಲ್ಲ. ಜೂನ್ ತಿಂಗಳ ಹಾಜರಿಯಲ್ಲಿ ಹನ್ನೆರಡು ಮಕ್ಕಳಿಗಿಂತ ಕಡಿಮೆ ಇದ್ದರೆ ಕೇಂದ್ರವನ್ನು ಹೊನ್ನೂರಿನದರ ಜೊತೆ ಸೇರಿಸುವ ಮಾತಿದೆ ಎಂದು ದೀಪಾ ಮೇಡಂ ಸಂಕ್ರಾಂತಿಯ ಹೊತ್ತಿಗೇ ಹೇಳಿದ್ದರು. ಈಗ ಇರುವುದು ಹದಿನೈದು. ಮೊದಲನೆಯ ಬೀದಿಯ ಐದು, ಎರಡನೆಯ ಬೀದಿಯ ಹತ್ತು. ಪುಟ್ಟಮಾದಪ್ಪನವರ ಮನೆ ಹೇಗೋ ಆ ಬೀದಿಯ ಉಳಿದ ನಾಲ್ಕು ಮನೆಯೂ ಹಾಗೇ. ಅವರ ಮೊಮ್ಮಗಳಿಗೆ ಸೀಟು ಸಿಕ್ಕಿದರೆ ಮಿಕ್ಕವರು ಮರುದಿನವೇ ಯಳಂದೂರಿನಲ್ಲಿರುತ್ತಾರೆ. ಉಳಿಯುವುದು ಹತ್ತು. ಆ ಹತ್ತು ಮಕ್ಕಳ ತಾಯಂದಿರು ಏಳು ಗಂಟೆಗೆಲ್ಲ ಕಬ್ಬಿನ ಗದ್ದೆಗೆ ಹೋಗುವವರು, ಇಲ್ಲಿಯಾದರೆ ಮಕ್ಕಳನ್ನು ರಾಮಮ್ಮನ ಜಗಲಿಯ ಮೇಲೆ ಬಿಟ್ಟು ಹೋಗುತ್ತಾರೆ. ಮೂರು ವರ್ಷದ ಮಗುವನ್ನು ಕಾಲುವೆ ಏರಿಯ ಮೇಲೆ ಎರಡು ಮೈಲಿ ನಡೆಸಿ ಹೊನ್ನೂರಿಗೆ ಯಾರು ಬಿಡುತ್ತಾರೆ? ಬಿಡುವುದಿಲ್ಲ. ಮಕ್ಕಳು ಗದ್ದೆಯ ಬದುವಿನ ಮೇಲೆ ಕೂರುತ್ತವೆ, ಅಷ್ಟೆ. ಶಿವರತ್ನಮ್ಮನ ಕೆಲಸವೇನೂ ಹೋಗುವುದಿಲ್ಲ, ಅವಳನ್ನು ಹೊನ್ನೂರಿಗೆ ಹಾಕುತ್ತಾರೆ. ಆದರೆ ಇಪ್ಪತ್ತೆರಡು ವರ್ಷ ಬೀಗ ತೆಗೆದ ಬಾಗಿಲು ಮುಚ್ಚುತ್ತದೆ.

ರಾಮಮ್ಮ ಹೇಳಿದ್ದು ಸರಿ ಎಂದೇ ಅವಳಿಗೆ ಅನಿಸಿತು. ಇದನ್ನು ಮುಚ್ಚಿಟ್ಟು ಅವಳನ್ನು ದೇವತೆ ಮಾಡುವುದು ಬೇಡ. ನಾಲ್ಕು ದಿನ ಅವಳು ಆಕಾರದ ತಂಟೆಗೇ ಹೋಗಲಿಲ್ಲ. ಹಾಡು ಹಾಡಿಸಿದಳು, ಕಾಗೆ ಗುಬ್ಬಿಯ ಕಥೆ ಹೇಳಿದಳು, ಪುಷ್ಟಿ ಹಿಟ್ಟಿನ ಉಂಡೆ ಕೊಟ್ಟಳು, ಮಲಗಿಸಿದಳು. ಸಂಜೆ ಪುಟ್ಟಮಾದಪ್ಪ ಜಗಲಿಗೆ ಬಂದು ಕೇಳಿದರೆ, 'ಹೇಳ್ಕೊಡ್ತಾ ಇದೀನಿ ಮಾವ' ಎಂದಳು. ಸುಳ್ಳು ಹೇಳಲು ಅವಳಿಗೆ ಬರುತ್ತಿರಲಿಲ್ಲ, ಹೇಳುವಾಗ ಕತ್ತಿಗೆ ಹಾಕಿದ್ದ ಅಳತೆಯ ಟೇಪನ್ನು ಬೆರಳಿಗೆ ಸುತ್ತಿಕೊಳ್ಳುತ್ತಿದ್ದಳು.

ಐದನೆಯ ದಿನ ಊಟಕ್ಕೆ ತಟ್ಟೆ ಹಂಚುವಾಗ ಅಭ್ಯಾಸಬಲದಿಂದ, 'ಇದೇನು ಮಕ್ಳೇ?' ಎಂದು ಕೇಳಿಬಿಟ್ಟಳು. ಹದಿನಾಲ್ಕು ಮಕ್ಕಳು ರೌಂಡು ಎಂದು ಕಿರುಚಿದವು. ಭವ್ಯಶ್ರೀ ಎರಡೂ ಕೈಯಿಂದ ಬಾಯಿ ಮುಚ್ಚಿಕೊಂಡು ಗೋಡೆಯ ಕಡೆಗೆ ತಿರುಗಿದಳು. ಮುಂಚೆ ಎಲ್ಲರಿಗಿಂತ ಜೋರಾಗಿ ಕೂಗುತ್ತಿದ್ದದ್ದು ಅದೇ ಮಗು. ಶಿವರತ್ನಮ್ಮ ಹತ್ತಿರ ಕರೆದು, 'ಯಾಕೆ ಕಂದ?' ಎಂದಳು. ಮಗು ಕೈಯ ಸಂದಿಯಿಂದ, 'ನಗ್ತಾರೆ' ಎಂದಿತು.

ಆ ಒಂದು ಮಾತಿಗೆ ಅವಳಿಗೆ ನಾಚಿಕೆಯಾಯಿತು. ಯಳಂದೂರಿನ ಆ ಹೆಂಗಸರ ಮೇಲೆ ಸಿಟ್ಟು ಬಂತು, ಅದಕ್ಕಿಂತ ಹೆಚ್ಚು ತನ್ನ ಮೇಲೆ ಬಂತು. ತಪ್ಪು ಮಾಡಿದವಳು ತಾನು, ನಗಿಸಿಕೊಂಡದ್ದು ಮಗು. ಈಗ ಬಾಗಿಲು ಉಳಿಸಿಕೊಳ್ಳಲು ಅದೇ ಮಗುವಿನ ಬಾಯಿ ಮುಚ್ಚಿಸಿ ಕೂರಿಸಿದ್ದೇನಲ್ಲ ಎಂದುಕೊಂಡಳು. ಮರುದಿನ ರಜೆ ಹಾಕಿ ಕೊಳ್ಳೇಗಾಲದ ಬಸ್ಸು ಹತ್ತಿದಳು.

ಬಸ್‌ ನಿಲ್ದಾಣದ ಹತ್ತಿರದ ಪುಸ್ತಕದಂಗಡಿಯಲ್ಲಿ ಆಕಾರದ ಚಾರ್ಟು ಕೇಳಿದಾಗ ಅವರು ಎರಡು ಕೊಟ್ಟರು. ಒಂದರಲ್ಲಿ ಗಾಳಿಪಟದಂಥದ್ದಕ್ಕೆ ಡೈಮಂಡ್ ಎಂದಿದ್ದರೆ ಇನ್ನೊಂದರಲ್ಲಿ ರಾಂಬಸ್ ಎಂದಿತ್ತು. ಒಂದರಲ್ಲಿ ಓವಲ್, ಇನ್ನೊಂದರಲ್ಲಿ ಎಲಿಪ್ಸ್. ಯಾವುದು ಸರಿ ಎಂದು ಕೇಳಿದರೆ ಅಂಗಡಿಯವರು, 'ಎರಡೂ ಒಂದೇ ರೇಟು ಕಣಮ್ಮ, ಬಣ್ಣ ನೋಡಿ ತಕಳಿ' ಎಂದರು. ಒಂದು ಸಲ ತಪ್ಪು ಕಲಿಸಿ ಬೆಂದವಳು ಬಣ್ಣ ನೋಡಿ ಕೊಳ್ಳುವಷ್ಟು ಧೈರ್ಯ ಮಾಡಲಿಲ್ಲ. ಎರಡನ್ನೂ ಕೊಂಡು, ಹೈಸ್ಕೂಲಿನಲ್ಲಿ ತನಗೆ ಗಣಿತ ಹೇಳಿದ್ದ ಸದಾಶಿವಪ್ಪ ಮೇಷ್ಟ್ರ ಮನೆ ಹುಡುಕಿಕೊಂಡು ಹೋದಳು.

ಮೇಷ್ಟ್ರಿಗೆ ಎಂಬತ್ತರ ಹತ್ತಿರ. ಜಗಲಿಯ ಮೇಲೆ ಕುರ್ಚಿ ಹಾಕಿಕೊಂಡು ಪೇಪರು ಓದುತ್ತಿದ್ದರು. ಒಂದು ಕಾಲದಲ್ಲಿ ಅವರು ಮರದ ದೊಡ್ಡ ಕೈವಾರ ಹಿಡಿದು ತರಗತಿಗೆ ಬಂದರೆ ಹಿಂದಿನ ಬೆಂಚು ನಡುಗುತ್ತಿತ್ತು.

'ಸಾ, ನಾನು ಶಿವರತ್ನ. ತೊಂಬತ್ನಾಲ್ಕರಲ್ಲಿ ಎಸ್ಸೆಸ್ಸೆಲ್ಸಿ.'

'ನೆನಪಿಲ್ಲ. ಕೂತ್ಕೊ,' ಎಂದರು ಮೇಷ್ಟ್ರು.

ಅವಳು ನಡೆದದ್ದನ್ನೆಲ್ಲ ಹೇಳಿದಳು. ಹನ್ನೆರಡು ಮಕ್ಕಳ ಲೆಕ್ಕವೊಂದನ್ನು ಬಿಟ್ಟು. ಪಾಟ್ ನೆಕ್ಕಿನ ವಿಷಯ ಬಂದಾಗ ಮೇಷ್ಟ್ರು ಕನ್ನಡಕ ತೆಗೆದು ಕಣ್ಣೊರೆಸಿಕೊಂಡರು. ನಕ್ಕರೋ ಏನೋ, ಅವಳು ತಲೆ ತಗ್ಗಿಸಿದ್ದಳು.

'ಚೌಕ ಅಂದ್ರೇನು?' ಎಂದು ಇದ್ದಕ್ಕಿದ್ದಂತೆ ಕೇಳಿದರು.

'ನಾಲ್ಕು ಬಾಹುನೂ ಸಮ ಸಾ, ನಾಲ್ಕು ಮೂಲೆನೂ ಲಂಬಕೋನ,' ಎಂದಳು. ಮೂವತ್ತು ವರ್ಷದ ಮೇಲೂ ಬಾಯಿಗೆ ತಾನಾಗಿ ಬಂತು.

'ಆಯತ?'

'ಎದುರು ಬಾಹುಗಳು ಸಮ, ಎಲ್ಲ ಲಂಬಕೋನ.'

'ಗೊತ್ತಿದೆಯಲ್ಲ ಮತ್ತೆ! ಉದ್ದನೆ ಕಿಟಕೀನ ಸ್ಕ್ವೇರ್ ಅಂತ ಯಾಕೆ ಹೇಳ್ಕೊಟ್ಟೆ?'

'ನಮ್ಮಲ್ಲಿ ಅಂಗೇ ಸಾ. ಸ್ಕ್ವೇರ್ ನೆಕ್ಕು ಅಂದ್ರೆ ಅಗಲ ಐದೂವರೆ, ಡೀಪು ಒಂಬತ್ತು. ಮೂಲೆ ನೆಟ್ಗಿದ್ರೆ ಸಾಕು, ಅದು ಸ್ಕ್ವೇರೇ.'

'ನೋಡು, ವೀ ಅಂದದ್ದು, ಪಾಟ್ ಅಂದದ್ದು ಸಣ್ಣ ತಪ್ಪು. ಹೆಸರು ತಾನೆ, ತಿದ್ದಿದರೆ ಆಯ್ತು. ಇದು ಹಾಗಲ್ಲ. ಚೌಕಕ್ಕೂ ಆಯತಕ್ಕೂ ಇರೋ ವ್ಯತ್ಯಾಸಾನೇ ಮಕ್ಕಳ ಕಣ್ಣಿಂದ ಅಳಿಸಿದ್ದೀಯ. ಕನ್ನಡದಲ್ಲಿ ಗೊತ್ತಿತ್ತು ನಿನಗೆ. ಇಂಗ್ಲಿಷ್ ಅಂದ ಕೂಡಲೇ ಗೊತ್ತಿದ್ದದ್ದನ್ನೂ ಬಿಟ್ಟು ಕ್ಯಾಟಲಾಗ್ ನಂಬಿದೆ.'

ಬೈಗುಳ ಚುಚ್ಚಿತು, ಆದರೆ ಇಪ್ಪತ್ತೆರಡು ವರ್ಷದಲ್ಲಿ ಅವಳ ಪಾಠದ ಬಗ್ಗೆ ಯಾರಾದರೂ ಕೂತು ಮಾತಾಡಿದ್ದು ಅದೇ ಮೊದಲು. ಮೇಷ್ಟ್ರು ಚಾರ್ಟಿನ ಹಿಂಬದಿಯಲ್ಲಿ ಕನ್ನಡ ಲಿಪಿಯಲ್ಲೇ ಬರೆದುಕೊಟ್ಟರು: ವೃತ್ತ ಸರ್ಕಲ್, ತ್ರಿಭುಜ ಟ್ರಯಾಂಗಲ್, ಚೌಕ ಸ್ಕ್ವೇರ್, ಆಯತ ರೆಕ್ಟ್ಯಾಂಗಲ್. ರಾಂಬಸ್ಸು ಸರಿ, ಡೈಮಂಡೂ ಸರಿ, ಆದರೆ ನಾಲ್ಕು ವರ್ಷದ ಮಗುವಿನ ಬಾಯಿಗೆ ರಾಂಬಸ್ ತುರುಕಬೇಡ ಎಂದರು. ಮೊಟ್ಟೆಯಂಥದ್ದಕ್ಕೆ ಓವಲ್ ಸಾಕು.

'ಸ್ಕ್ವೇರಿಗೂ ರೆಕ್ಟ್ಯಾಂಗಲ್ಲಿಗೂ ವ್ಯತ್ಯಾಸ ಮಕ್ಕಳಿಗೆ ಹ್ಯಾಗೆ ಹೇಳ್ತೀಯ? ಅಳತೆಪಟ್ಟಿ ಬರಲ್ಲ ಅವಕ್ಕೆ.'

ಶಿವರತ್ನಮ್ಮ ಒಂದು ಗಳಿಗೆ ಯೋಚಿಸಿದಳು. ಆಮೇಲೆ ಮೇಷ್ಟ್ರ ಹೆಗಲ ಮೇಲಿದ್ದ ಟವೆಲು ಕೇಳಿ ಇಸಿದುಕೊಂಡು ನೆಲದ ಮೇಲೆ ಹಾಸಿದಳು. ಒಂದು ಮೂಲೆ ಹಿಡಿದೆತ್ತಿ, ಮೇಲಿನ ಅಂಚು ಪಕ್ಕದ ಅಂಚಿನ ಮೇಲೆ ಕೂರುವ ಹಾಗೆ ಓರೆಯಾಗಿ ಮಡಿಚಿದಳು. ಕೆಳಗೆ ಒಂದು ಪಟ್ಟಿ ಮಿಕ್ಕಿತು. ಆಮೇಲೆ ತನ್ನ ಕರವಸ್ತ್ರವನ್ನು ಹಾಗೇ ಮಡಿಚಿದಳು. ಮೂಲೆಗೆ ಮೂಲೆ ಕೂತಿತು, ಏನೂ ಮಿಗಲಿಲ್ಲ. ಕತ್ತಿನ ಅಂಚಿಗೆ ಹೊಲಿಯುವ ಪೈಪಿಂಗಿಗೆ ಕ್ರಾಸ್ ಪೀಸ್ ಕತ್ತರಿಸುವಾಗ ಟೈಲರುಗಳೆಲ್ಲ ಬಟ್ಟೆಯನ್ನು ಹೀಗೇ ಮಡಿಚುವುದು.

'ಮಿಕ್ಕುದ್ರೆ ರೆಕ್ಟ್ಯಾಂಗಲ್, ಮಿಗದೆ ಇದ್ರೆ ಸ್ಕ್ವೇರ್. ಅಂಗೆ ಏಳ್ಕೊಡ್ಲಾ ಸಾ?'

ಮೇಷ್ಟ್ರು ಟವೆಲನ್ನು ಬಿಡಿಸಿ ತಾವೇ ಇನ್ನೊಂದು ಸಲ ಮಡಿಚಿ ನೋಡಿದರು. 'ಇದನ್ನ ನಾನು ಹೇಳ್ಕೊಟ್ಟಿರಲಿಲ್ಲ,' ಎಂದರು.

ಊರಿಗೆ ಬಂದ ಮರುದಿನ ಅವಳು ಗೋಡೆಯ ಮೇಲಿನ ಬಟ್ಟೆ ಚೂರುಗಳನ್ನು ಮಕ್ಕಳ ಎದುರಿಗೇ ಒಂದೊಂದಾಗಿ ಕಿತ್ತಳು. 'ಮಿಸ್ಸು ತಪ್ಪು ಹೇಳ್ಕೊಟ್ಟಿದ್ದೆ. ನೀವು ಹೇಳಿದ್ದು ತಪ್ಪಲ್ಲ, ನಾನು ಹೇಳಿದ್ದು ತಪ್ಪು' ಎಂದಳು. ಹೇಳುವಾಗ ಭವ್ಯಶ್ರೀಯ ಮುಖ ನೋಡಿದಳು. ರಾಮಮ್ಮ ಒಳಗೆ ಪಾತ್ರೆ ಕುಕ್ಕುತ್ತಿದ್ದ ಸದ್ದು ಹೊರಗೆ ಬೀದಿಗೆ ಕೇಳುತ್ತಿತ್ತು.

ಅದಾದ ಮೇಲೆ ಒಂಬತ್ತು ದಿನ ಅಂಗನವಾಡಿ ತುಂಬ ಬಟ್ಟೆ ಚೂರು. ಐದು ಮಕ್ಕಳಿಗೆಂದಲ್ಲ, ಹದಿನೈದಕ್ಕೂ ಹೇಳಿದಳು. ಟ್ರಯಾಂಗಲ್ ಟಯಾಂಗು ಆಯಿತು, ರೆಕ್ಟ್ಯಾಂಗಲ್ ರೆಟ್ಟಾಂಗು ಆಯಿತು, ಅವಳು ಬಿಡದೆ ತಿದ್ದಿದಳು. ಓವಲ್ಲಿಗೆ ಚಾರ್ಟಿನಲ್ಲಿ ಮೊಟ್ಟೆಯ ಚಿತ್ರ. ಮೊದಲನೆಯ ಬೀದಿಯ ಮಕ್ಕಳು ಮೊಟ್ಟೆಯ ದಿನ ಬಾಳೆಹಣ್ಣು ತಿನ್ನುವವು, ಮೊಟ್ಟೆ ಮುಟ್ಟಿದರೆ ಮನೆಯಲ್ಲಿ ಅಜ್ಜಿಯರು ತಲೆಗೆ ನೀರು ಹಾಕುತ್ತಾರೆ. ಅದಕ್ಕೆಂದು ಅವಳು ಒಂದು ಬೊಗಸೆ ರೇಷ್ಮೆಗೂಡು ತಂದು ಎಲ್ಲರ ಕೈಗೂ ಒಂದೊಂದು ಕೊಟ್ಟಳು. ಮಕ್ಕಳು ಕಂಡದ್ದನ್ನೆಲ್ಲ ಮಡಿಚತೊಡಗಿದವು. ಚಾಪೆ ಮಡಿಚಿದವು, ರಾಮಮ್ಮನ ಒರಸುಬಟ್ಟೆ ಮಡಿಚಿದವು, ಹಾಜರಿ ಪುಸ್ತಕದ ಹಾಳೆ ಮಡಿಚಲು ಹೋಗಿ ಬೈಸಿಕೊಂಡವು. ಏಳನೆಯ ದಿನ ಭವ್ಯಶ್ರೀ ರಾಮಮ್ಮನ ಒರಸುಬಟ್ಟೆ ಎತ್ತಿ ಹಿಡಿದು, 'ಮಿಕ್ಕದೆ! ಮಿಕ್ಕದೆ! ರೆಟ್ಟಾಂಗು!' ಎಂದು ಕೂಗಿದಳು. ಶಿವರತ್ನಮ್ಮನಿಗೆ ಎಷ್ಟು ಸಂತೋಷವಾಯಿತೆಂದರೆ ಮುಂದೇನಾಗುತ್ತದೆ ಎಂಬುದು ಆ ಹೊತ್ತಿಗೆ ಮರೆತೇಹೋಯಿತು.

ಏಪ್ರಿಲ್ ನಡುವಿನಲ್ಲಿ ಭವ್ಯಶ್ರೀಯ ಜೊತೆ ಆ ಬೀದಿಯ ಉಳಿದ ನಾಲ್ಕು ಮಕ್ಕಳೂ ಯಳಂದೂರಿಗೆ ಹೋದವು. ಸಂಜೆ ಪುಟ್ಟಮಾದಪ್ಪ ಒಂದು ಚಿಪ್ಪು ಬಾಳೆಹಣ್ಣು ಹಿಡಿದು ಅವಳ ಜಗಲಿಗೆ ಬಂದರು. ಐದಕ್ಕೂ ಸೀಟು ಸಿಕ್ಕಿತ್ತು.

'ಏನ್ ಮಾಡ್ತು ಗೊತ್ತಾ ನಮ್ ಮಗ?' ಎಂದರು, ಮುಖ ಊರಗಲವಾಗಿತ್ತು. 'ಆಯಮ್ಮ ಕಾರ್ಡ್ ತೋರುದ್ಲು. ಇದು ಬಾಯಿ ಬುಡ್ನಿಲ್ಲ. ಕೈಗಿಸ್ಕಂತು, ಮಡುಚ್ತು, ನೋಡ್ತು, ರೆಟ್ಟಾಂಗು ಅಂತು. ಕಾರ್ಡೇ ಮುದುರೋಯ್ತು ಕಣವ್ವ! ಆಯಮ್ಮ ದಂಗಾಗೋದ್ಲು. ಯಾರು ಏಳ್ಕೊಟ್ರು ಅಂದ್ಲು.'

'ಏನಂದ್ರಿ ಮಾವ?'

ಪುಟ್ಟಮಾದಪ್ಪ ಬಾಳೆಚಿಪ್ಪನ್ನು ಈ ಕೈಯಿಂದ ಆ ಕೈಗೆ ಬದಲಾಯಿಸಿದರು. 'ಅಂಗನವಾಡೀಲಿ ಅಂದ್ರೆ ಎಲ್ಲಿ ಸೀಟ್ ಇಲ್ಲ ಅಂದಾರೋ ಅಂತ, ಮನೇಲೇ ಏಳ್ಕೊಟ್ವಿ ಅಂದೆ ಕಣವ್ವ.'

ಶಿವರತ್ನಮ್ಮ ಹಣ್ಣು ಇಸಿದುಕೊಂಡು ಒಳಗೆ ಇಟ್ಟು ಬಂದು ಮಿಷನ್ನಿನ ಮುಂದೆ ಕೂತಳು. ಸೀಟು ಸಿಕ್ಕಿದ್ದಕ್ಕೆ ಅವಳಿಗೆ ಅಷ್ಟು ನೋವಾಗಿರಲಿಲ್ಲ, ಅದಕ್ಕೆ ಮನಸ್ಸು ಗಟ್ಟಿ ಮಾಡಿಕೊಂಡಿದ್ದಳು. ಈ ಮಾತಿಗೆ ನೋವಾಯಿತು. ಆವತ್ತು ಹೊಲಿದ ರವಿಕೆಯ ತೋಳು ತಿರುಗಾಮುರುಗಾ ಆಗಿ ಬಿಚ್ಚಿ ಹೊಲಿಯಬೇಕಾಯಿತು.

ಜೂನ್ ಎರಡನೆಯ ವಾರ ದೀಪಾ ಮೇಡಂ ಸಮಿತಿಯ ಸಭೆ ಕರೆದರು. ಹಾಜರಿಯಲ್ಲಿ ಹತ್ತು ಹೆಸರಿತ್ತು. ಶಿವರತ್ನಮ್ಮನೂ ರಾಮಮ್ಮನೂ ಅದಕ್ಕೆ ಹಿಂದಿನ ಹತ್ತು ದಿನ ಎರಡೂ ಬೀದಿಯ ಮನೆ ಮನೆ ಹತ್ತಿ ಇಳಿದಿದ್ದರು. ಮೂರು ತುಂಬಿದ ಮಕ್ಕಳು ಊರಲ್ಲಿ ಬೇರೆ ಇರಲಿಲ್ಲ. ಇಲ್ಲದ ಮಕ್ಕಳನ್ನು ಎಲ್ಲಿಂದ ತರುವುದು? ಎರಡನೆಯ ಬೀದಿಯ ನಾಲ್ಕು ಹೆಂಗಸರು ಅವತ್ತಿನ ಕೂಲಿ ಬಿಟ್ಟು ಬಂದು ಗೋಡೆಗೊರಗಿ ಕೂತಿದ್ದರು. ಮೊದಲನೆಯ ಬೀದಿಯಿಂದ ಬಂದವರು ಪುಟ್ಟಮಾದಪ್ಪ ಒಬ್ಬರೇ, ಅವರಿಗೆ ಕುರ್ಚಿ ಹಾಕಿದ್ದರು.

ದೀಪಾ ಮೇಡಂ ಫಾರಂ ಬಿಡಿಸಿಕೊಂಡರು. 'ಜುಲೈ ಒಂದರಿಂದ ಹೊನ್ನೂರಿನ ಕೇಂದ್ರಕ್ಕೆ ಸೇರಿಸಬೇಕಾಗುತ್ತೆ. ಐದು ಮಕ್ಕಳು ಒಂದೇ ಸಲ ಬಿಟ್ಟಿದ್ದಾರೆ, ಕಾರಣ ಬರೀಬೇಕು. ಯಾಕೆ ಬಿಟ್ಟರು? ಪಾಠ ಚೆನ್ನಾಗಿಲ್ಲ ಅಂತಲಾ?' ಅವರೇನು ಕೆಟ್ಟವರಲ್ಲ, ಕೇಳಬೇಕಾದ್ದನ್ನು ಕೇಳಿದರು.

ಶಿವರತ್ನಮ್ಮ ನೆಲ ನೋಡುತ್ತ ನಿಂತಿದ್ದಳು. ತನ್ನ ಬಾಯಿಂದ ತಾನೇ ಏನೆಂದು ಹೇಳಿಕೊಳ್ಳುವುದು? ರಾಮಮ್ಮ ಪುಟ್ಟಮಾದಪ್ಪನವರನ್ನೇ ದುರುಗುಟ್ಟಿಕೊಂಡು ನೋಡುತ್ತಿದ್ದಳು. ಮುದುಕರು ಕುರ್ಚಿಯಲ್ಲಿ ಎರಡು ಸಲ ಹಿಂದೆಮುಂದೆ ಜರುಗಿ ಕೊನೆಗೆ ಎದ್ದರು.

'ಅಂಗೆ ಬರ್ಕಬೇಡಿ ಮೇಡಂ,' ಎಂದರು. 'ಪಾಠ ಚೆಂದಾಗಿಲ್ದೆ ಓಗ್ನಿಲ್ಲ ನಮ್ ಮಕ್ಳು. ಚೆಂದಾಗಿದ್ದಕ್ಕೇ ಓದೊ. ನಮ್ ಮಗೀಗೆ ಅಲ್ಲಿ ಸೀಟ್ ಸಿಕ್ಕುದ್ದು ಈ ಶಿವರತ್ನ ಏಳ್ಕೊಟ್ಟಿದ್ಕೆ. ಆ ನಾಕಕ್ಕೂ ಅಷ್ಟೆ. ಮಕ್ಳು ಒಂಟೋಯ್ತವೆ ಅಂತ ಗೊತ್ತಿದ್ದೂ ಏಳ್ಕೊಟ್ಲು. ಅಲ್ಲಿ ಕೇಳ್ದಾಗ ನಾನು ಮನೇಲ್ ಕಲ್ತುದ್ದು ಅಂತ ಸುಳ್ಳೇಳ್ದೆ. ಇಲ್ಲಿ ನಿಜ ಏಳ್ತಾವ್ನಿ.'

ಗೋಡೆಗೊರಗಿದ್ದ ಹೆಂಗಸರು ತಲೆಯೆತ್ತಿ ನೋಡಿದರು. ಶಿವರತ್ನಮ್ಮನ ಕಣ್ಣು ತುಂಬಿತು, ಅವಳು ಸೆರಗಿನ ತುದಿ ಹಿಡಿದುಕೊಂಡಳು. ಇಷ್ಟು ವರ್ಷದಲ್ಲಿ ಊರ ಮುಂದೆ ಅವಳ ಕೆಲಸವನ್ನು ಯಾರೂ ಹೀಗೆ ಹೇಳಿರಲಿಲ್ಲ.

ದೀಪಾ ಮೇಡಂ ಪೆನ್ನು ಕೆಳಗಿಟ್ಟರು. 'ಅಜ್ಜ, ಇಷ್ಟು ಚೆನ್ನಾಗಿ ಹೇಳ್ಕೊಡ್ತಾರೆ ಅಂತ ನೀವೇ ಹೇಳ್ತಿದೀರಿ. ಹಾಗಿದ್ರೆ ಮೊಮ್ಮಗಳನ್ನ ಇನ್ನೊಂದು ವರ್ಷ ಇಲ್ಲೇ ಬಿಡಿ. ನಿಮ್ಮ ಮಾತಿಗೆ ಆ ನಾಲ್ಕರಲ್ಲಿ ಇನ್ನೊಂದು ಮಗು ಬಂದೇ ಬರುತ್ತೆ. ಹನ್ನೆರಡಾಯ್ತು. ಈ ಫಾರಂ ಇಲ್ಲೇ ಹರಿದುಹಾಕ್ತೀನಿ.'

ಪುಟ್ಟಮಾದ‌ಪ್ಪ ಶಿವರತ್ನಮ್ಮನ ಕಡೆ ನೋಡಿದರು, ಗೋಡೆಯ ಹತ್ತಿರದ ಹೆಂಗಸರ ಕಡೆ ನೋಡಿದರು, ಆಮೇಲೆ ಯಾರ ಕಡೆಗೂ ನೋಡದೆ ಕೂತುಬಿಟ್ಟರು.

'ಅದಾಗಕಿಲ್ಲ ಮೇಡಂ,' ಎಂದರು. 'ಅದೊಂದ ಕೇಳ್ಬೇಡಿ.'

ಗೋಡೆಗೊರಗಿದ್ದವರಲ್ಲಿ ಒಬ್ಬಳು ಎದ್ದು, ಒಳಗೆ ಹೋಗಿ ತನ್ನ ಮಗುವನ್ನು ಎತ್ತಿ ಸೊಂಟಕ್ಕೆ ಹಾಕಿಕೊಂಡು ಹೊರಟಳು. ಅರ್ಧ ದಿನದ ಕೂಲಿಯಾದರೂ ಸಿಕ್ಕೀತು ಎಂದು ಗದ್ದೆಯ ಕಡೆಗೇ ನಡೆದಳು. ಮಗುವೂ ಜೊತೆಯಲ್ಲಿ ಹೋಯಿತು.

ಶಿವರತ್ನಮ್ಮ ಅವರಿಬ್ಬರೂ ಕಾಲುವೆ ಏರಿ ಇಳಿಯುವವರೆಗೆ ನೋಡಿದಳು. ಆಮೇಲೆ ಮೇಜಿನ ಹತ್ತಿರ ಬಂದಳು.

'ಮಾವ ಹೇಳಿದ್ದನ್ನ ಹಾಗೇ ಬರ್ಕಳಿ ಮೇಡಂ,' ಎಂದಳು. 'ಪಾಠ ಚೆನ್ನಾಗಿತ್ತು ಅಂದದ್ದನ್ನೂ ಬರ್ಕಳಿ, ಆದ್ರೂ ಇಲ್ಲಿ ಬಿಡಕ್ಕಾಗಲ್ಲ ಅಂದದ್ದನ್ನೂ ಬರ್ಕಳಿ.'

ಫಾರಮ್ಮಿನಲ್ಲಿ ಕಾರಣಕ್ಕೆಂದು ಬಿಟ್ಟಿದ್ದ ಜಾಗ ಒಂದೇ ಸಾಲು. ದೀಪಾ ಮೇಡಂ ಅದರಲ್ಲಿ 'ಪೋಷಕರ ಇಚ್ಛೆ' ಎಂದು ಬರೆದರು. ಶಿವರತ್ನಮ್ಮ ಎರಡು ಸಲ ಓದಿಕೊಂಡು ಅದರ ಕೆಳಗೆ ಸಹಿ ಮಾಡಿದಳು.